ಸೂಜಿ, ಕೆಂಪು ದಾರ ಮತ್ತು ಹುಡುಗ ನಾವಿಕರು

ಗಂಡಸರು ಬರೆದ ಸೇನಾ ಜೀವನದ ನೆನಪುಗಳನ್ನು ಓದುವ ಹೆಂಗಸರು ನಮ್ಮಲ್ಲಿ ಕಡಿಮೆ. ಬಂದೂಕು, ಬ್ಯಾಂಡು, ಪದಕಗಳ ಆ ಪುಸ್ತಕಗಳಲ್ಲಿ ನಮಗೇನು ಕೆಲಸ ಎಂದು ನಾನೂ ಬಹಳ ಕಾಲ ಅತ್ತ ತಲೆ ಹಾಕಿರಲಿಲ್ಲ. ನೌಕಾಪಡೆಯಿಂದ ನಿವೃತ್ತರಾಗಿ ಊರಿಗೆ ಮರಳಿದ ನಮ್ಮ ನೆಂಟರೊಬ್ಬರ ಕಪಾಟಿನಲ್ಲಿ ಅಂಥವು ಸಾಲಾಗಿದ್ದವು. ಹೊತ್ತು ಕಳೆಯಲೆಂದು ಒಂದೆರಡನ್ನು ತಂದೆ. ಆಮೇಲೆ ಹುಡುಕಿ ಹುಡುಕಿ ಓದಿದೆ. ಕಾರಣವಿಷ್ಟೆ: ಹದಿನೈದು ಹದಿನಾರರ ಹುಡುಗರನ್ನು ನಾವಿಕರನ್ನಾಗಿ ತಿದ್ದುವ ಶಾಲೆಗಳ ನೆನಪುಗಳಲ್ಲಿ ಸಮುದ್ರಕ್ಕಿಂತ ಹೆಚ್ಚಾಗಿ ಕಾಣುವುದು ಬಟ್ಟೆ ಒಗೆಯುವುದು, ಮಡಿಸುವುದು, ಹೊಲಿಯುವುದು, ನೆಲ ಉಜ್ಜುವುದು. ಅಂದರೆ ನಮ್ಮದೇ ಮನೆವಾರ್ತೆ. ಆ ಕಣ್ಣಿನಿಂದಲೇ ಈ ಪುಸ್ತಕಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆನ್ನಿಸಿದೆ.

ಇಂಥ ಶಾಲೆಗಳಲ್ಲಿ ಬಹಳ ಹೆಸರಾದದ್ದು ಇಂಗ್ಲೆಂಡಿನ ಸಫೋಕ್ ಸೀಮೆಯ ಶಾಟ್ಲಿ ಎಂಬಲ್ಲಿದ್ದ 'ಎಚ್.ಎಂ.ಎಸ್. ಗ್ಯಾಂಜಸ್'. ಹೌದು, ನಮ್ಮ ಗಂಗೆಯದೇ ಹೆಸರು. ಹೆಸರಷ್ಟೇ ಅಲ್ಲ, ಆ ಹೆಸರಿನ ಮೂಲ ಹಡಗು ಹುಟ್ಟಿದ್ದೂ ಇಲ್ಲೇ. 1821ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ತೇಗದ ಮರದಿಂದ ಕಟ್ಟಿ ನೀರಿಗಿಳಿಸಿದ 84 ತೋಪುಗಳ ಯುದ್ಧನೌಕೆ ಅದು. ಮುದಿಯಾದ ಮೇಲೆ, 1860ರ ದಶಕದಲ್ಲಿ, ಅದನ್ನು ಹುಡುಗರ ತರಬೇತಿ ಹಡಗನ್ನಾಗಿ ಮಾಡಿದರು. 1899ರಲ್ಲಿ ಅದು ಶಾಟ್ಲಿಯ ಎದುರು ದಡದ ಹಾರಿಚ್ ಬಂದರಿಗೆ ಬಂತು. 1905ರ ಹೊತ್ತಿಗೆ ಶಾಲೆ ಹಡಗಿನಿಂದಿಳಿದು ನೆಲ ಹತ್ತಿತು. ಹಡಗನ್ನು 1930ರಲ್ಲಿ ಒಡೆದು ಹಾಕಿದರು. ಇಟ್ಟಿಗೆ ಕಟ್ಟಡಗಳಿಗೆ ಮಾತ್ರ ಹಡಗಿನ ಹೆಸರೇ ಉಳಿಯಿತು. 1976ರಲ್ಲಿ ಮುಚ್ಚುವ ತನಕ ಅಲ್ಲಿಂದ ಹೊರಬಿದ್ದ ಹುಡುಗರ ಲೆಕ್ಕವನ್ನು ಸಾವಿರಗಳಲ್ಲೇ ಹಿಡಿಯಬೇಕು. ಅವರಲ್ಲಿ ಎಷ್ಟೋ ಮಂದಿ ಅಜ್ಜಂದಿರಾದ ಮೇಲೆ ಪೆನ್ನು ಹಿಡಿದರು.

ನಾಲ್ಕೈದು ಪುಸ್ತಕ ಓದಿದರೆ ಸಾಕು, ಆರನೆಯದರಲ್ಲಿ ಏನು ಬರುತ್ತದೆಂದು ಹೇಳಿಬಿಡಬಹುದು. ರೈಲು, ದೋಣಿ, ಮಳೆ ಹನಿಯುವ ದಡ. ಮೊದಲ ಕೆಲವು ವಾರ ಮುಖ್ಯ ಶಾಲೆಯಿಂದ ಬೇರೆಯಾಗಿರುವ 'ಅನೆಕ್ಸ್' ಎಂಬ ಕಟ್ಟಡದಲ್ಲಿ ವಾಸ. ಕೂದಲಿಗೆ ಕತ್ತರಿ. ಹೊಸಬರಿಗೆ 'ನೋಜರ್' ಎಂಬ ಅಡ್ಡಹೆಸರು. ಆಮೇಲೆ ಉಟ್ಟು ಬಂದ ಬಟ್ಟೆಯನ್ನು ಕಂದು ಕಾಗದದಲ್ಲಿ ಕಟ್ಟಿ, ಸ್ವಂತ ಕೈಯಿಂದ ಮನೆಯ ವಿಳಾಸ ಬರೆದು, ಅಂಚೆಗೆ ಹಾಕಬೇಕು. ಹಲವರ ನೆನಪಿನಲ್ಲಿ ಈ ಪೊಟ್ಟಣ ಬರುತ್ತದೆ. ಆದರೆ ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಓಡುತ್ತಾರೆ. ನಾನು ಓಡಲಾರದೆ ಅಲ್ಲೇ ನಿಂತೆ. ಹುಡುಗನನ್ನು ಕಳಿಸಿ ಒಂದು ವಾರವಾಗಿಲ್ಲ, ಅವನ ಅಂಗಿ, ಚಡ್ಡಿ, ಬೂಟು ಅಂಚೆಯಲ್ಲಿ ಮನೆಗೆ ಬಂದರೆ ಹೆತ್ತವಳಿಗೆ ಏನನ್ನಿಸಬೇಕು? ಅಂಥ ಪೊಟ್ಟಣ ಯಾವ ಯಾವ ಸಂದರ್ಭಗಳಲ್ಲಿ ಮನೆಗೆ ಬರುತ್ತದೆ ಎಂಬುದು ಹೆಂಗಸರಿಗೆ ಗೊತ್ತು. ಬರೆದವರು ಅಷ್ಟು ವಯಸ್ಸಾದ ಮೇಲೂ ಆ ಪೊಟ್ಟಣದ ಹಿಂದೆ ಮನೆಯವರೆಗೆ ಹೋಗಿ ಬಂದದ್ದನ್ನು ನಾನು ಎಲ್ಲೂ ಓದಲಿಲ್ಲ.

ಆದರೆ ಹೊಲಿಗೆಯ ಭಾಗ ಬಂದಾಗ ಇವರ ಬರವಣಿಗೆಗೆ ತಾನಾಗಿಯೇ ಜೀವ ಬರುತ್ತದೆ. ಹುಡುಗನಿಗೆ ಕೊಟ್ಟ ಪ್ರತಿ ಬಟ್ಟೆಯ ಮೇಲೂ ಅವನ ಹೆಸರಿರಬೇಕು. ಮೊದಲು ಮರದ ಅಚ್ಚಿನಿಂದ ಹೆಸರು ಒತ್ತುವುದು, ಆಮೇಲೆ ಅದರ ಮೇಲೆ ಕೆಂಪು ದಾರದಿಂದ ಚೈನ್ ಸ್ಟಿಚ್ ಹಾಕುವುದು. ಸಂಜೆ ಸಂಜೆ ಕೂತು ವಾರಗಟ್ಟಲೆ ಇದೇ ಕೆಲಸ. ಬೆರಳಿಗೆ ಸೂಜಿ ಚುಚ್ಚಿಕೊಂಡು, ಗಂಟು ಬಿದ್ದ ದಾರವನ್ನು ಹಲ್ಲಿನಲ್ಲಿ ಕಡಿದು, ಓರೆಯಾದದ್ದನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಮೂರಕ್ಷರದ ಹೆಸರಿನವನು ಪುಣ್ಯವಂತ, ಉದ್ದ ಹೆಸರಿನವನು ತನ್ನ ಹಿರಿಯರನ್ನೇ ಶಪಿಸುತ್ತಿದ್ದ. (ನಮ್ಮ ಕಡೆಯ ಸುಬ್ರಹ್ಮಣ್ಯಗಳೂ ವೆಂಕಟನಾರಾಯಣಗಳೂ ಅಲ್ಲಿಗೆ ಹೋಗಿದ್ದರೆ ತರಬೇತಿ ಮುಗಿಯುವ ಹೊತ್ತಿಗೆ ಅರ್ಧ ಹೆಸರು ಹೊಲಿದಿರುತ್ತಿದ್ದರೇನೋ.) ಸೂಜಿ, ದಾರ, ಗುಂಡಿಗಳನ್ನು ಇಡುವ ಆ ಪುಟ್ಟ ಬಟ್ಟೆಯ ಚೀಲಕ್ಕೆ ನೌಕಾಪಡೆಯವರು ಇಟ್ಟ ಹೆಸರು 'ಹೌಸ್‌ವೈಫ್'. ಅಂದರೆ ಗೃಹಿಣಿ. ಬಾಯಲ್ಲಿ ಸವೆದು ಸವೆದು ಅದು 'ಹಸಿಫ್' ಆಗಿತ್ತು.

ಈ ಹೆಸರಿಗೆ ನಗಬೇಕೋ ಸಿಟ್ಟಾಗಬೇಕೋ ನನಗೆ ತಿಳಿಯಲಿಲ್ಲ. ಹೆಂಗಸರ ಸುಳಿವಿಲ್ಲದ ಆ ಲೋಕದಲ್ಲಿ ಗೃಹಿಣಿ ಎಂಬವಳು ಜೇಬಿನಲ್ಲಿ ಮಡಿಚಿಡುವ ವಸ್ತು! ಬಟ್ಟೆ ಒಗೆಯುವುದಕ್ಕೆ ಅವರು ಹೇಳುವ ಮಾತು 'ಧೋಬಿ'. ಇದು ಹಿಂದುಸ್ತಾನದಿಂದಲೇ ಹಡಗು ಹತ್ತಿ ಹೋದ ಶಬ್ದ. ಒಗೆಯುವವನ ಹೆಸರು ಅಲ್ಲಿ ಒಗೆಯುವ ಕೆಲಸದ ಹೆಸರಾಯಿತು. ಮನೆಯಲ್ಲಿ ಹೆಂಗಸರೂ ಊರಿನಲ್ಲಿ ಅಗಸರೂ ಮಾಡುವ ಕೆಲಸವನ್ನು ಹುಡುಗರಿಂದ ಮಾಡಿಸುವಾಗ ಅದಕ್ಕೆ ಶಿಸ್ತು ಎಂದು ಹೆಸರು. ನಾವು ಮಾಡಿದರೆ ಅದಕ್ಕೆ ಹೆಸರೇ ಇಲ್ಲ. ಬಟ್ಟೆಯನ್ನು ಗೊತ್ತಾದ ಅಳತೆಗೆ ಮಡಿಸಿ, ಹೆಸರು ಮೇಲೆ ಕಾಣುವಂತೆ ಸಾಲಾಗಿ ಜೋಡಿಸಿಡುವ 'ಕಿಟ್ ಮಸ್ಟರ್' ಎಂಬ ಪರೀಕ್ಷೆಯ ವರ್ಣನೆ ಓದುವಾಗ ನನಗೆ ಹೊಸ ಸೊಸೆಯ ಅಡಿಗೆಮನೆಗೆ ಇಣುಕುವ ಹಿರಿಯ ಅತ್ತೆಯರ ಕಣ್ಣು ನೆನಪಾಯಿತು. ಅಳತೆ ತಪ್ಪಿದರೆ ಅಧಿಕಾರಿ ಇಡೀ ಸಾಲನ್ನು ಕಾಲಿನಿಂದ ಚೆಲ್ಲಾಪಿಲ್ಲಿ ಮಾಡಿ ಹೋಗುವುದು, ಹುಡುಗ ಮತ್ತೆ ಮೊದಲಿನಿಂದ ಮಡಿಸುವುದು. ಈ ಪುಟಗಳಲ್ಲಿ ಇವರು ಬರೆದದ್ದು ಸುಳ್ಳಲ್ಲ ಎಂದು ಕೈಬೆರಳುಗಳಿಗೇ ಗೊತ್ತಾಗುತ್ತದೆ.

ಇದಕ್ಕೆ ಹೋಲಿಸಿದರೆ ಎಲ್ಲರೂ ಉತ್ಸಾಹದಿಂದ ಬರೆಯುವ ಕೂವೆಕಂಬದ ಪ್ರಸಂಗ ನನಗೆ ಸಪ್ಪೆ. ಶಾಲೆಯ ಅಂಗಳದಲ್ಲಿ 143 ಅಡಿ ಎತ್ತರದ ಹಡಗಿನ ಕಂಬ. ಕೆಳಗೆ ಬಲೆ. ಪ್ರತಿಯೊಬ್ಬನೂ ಹತ್ತಲೇಬೇಕು. ಉತ್ಸವದ ದಿನ ಹುಡುಗರು ಕಂಬದ ಅಡ್ಡತೊಲೆಗಳ ಮೇಲೂ ಹಗ್ಗದ ಏಣಿಗಳ ಮೇಲೂ ಸಾಲುಗಟ್ಟಿ ನಿಲ್ಲುತ್ತಿದ್ದರು. ತುತ್ತತುದಿಯ ತಟ್ಟೆಯಷ್ಟಗಲದ ಹಲಗೆಯ ಮೇಲೆ ಒಬ್ಬನೇ ಹುಡುಗ ನೆಟ್ಟಗೆ ನಿಂತು ಸಲಾಮು ಮಾಡುತ್ತಿದ್ದ. ಅವನಿಗೆ 'ಬಟನ್ ಬಾಯ್' ಎಂದು ಹೆಸರು. ಇಳಿದು ಬಂದ ಮೇಲೆ ಮುಖ್ಯಾಧಿಕಾರಿಯಿಂದ ಒಂದು ನಾಣ್ಯದ ಬಹುಮಾನ. ನೋಡುವವರಿಗೆ ಮೈ ಜುಮ್ಮೆನ್ನುವ ದೃಶ್ಯ, ಒಪ್ಪೋಣ. ಆದರೆ ಬರೆದವರೆಲ್ಲ ಒಂದೇ ರೀತಿ ಬರೆಯುತ್ತಾರೆ: ಹೆದರಿದೆ, ಹತ್ತಿದೆ, ಹೆದರಿಕೆ ಹೋಯಿತು. ಹೆದರಿಕೆ ಹೋಗದೆಯೇ ಉಳಿದವನು ಪುಸ್ತಕ ಬರೆಯಲಿಲ್ಲವೋ ಏನೋ.

ಇನ್ನು ಶಿಕ್ಷೆಯ ಮಾತು. 'ಲಾಂಡ್ರಿ ಹಿಲ್' ಎಂಬ ಏರು ಇತ್ತು. ತಪ್ಪು ಮಾಡಿದ ಹುಡುಗರನ್ನು ಅದರ ಮೇಲೆ ಕೆಳಗೆ ಓಡಿಸುತ್ತಿದ್ದರು. ಕೆಲವು ತಪ್ಪುಗಳಿಗೆ ಬೆತ್ತ. ಅದೂ ಸಿಟ್ಟಿನಲ್ಲಿ ಕೈಗೆ ಸಿಕ್ಕಿದಂತೆ ಹೊಡೆಯುವುದಲ್ಲ, ವಾರಂಟು ಓದಿ, ಲೆಕ್ಕ ಇಟ್ಟು, ತೆಳು ಕ್ಯಾನ್ವಾಸಿನ ಚಲ್ಲಣದ ಮೇಲೆ ಹೊಡೆಯುವ ಸರಕಾರಿ ಏಟು. ಬ್ರಿಟಿಷ್ ನೌಕಾಪಡೆ ಹುಡುಗರಿಗೆ ಬೆತ್ತದೇಟು ಕೊಡುವುದನ್ನು ನಿಲ್ಲಿಸಿದ್ದು 1967ರಲ್ಲಿ. ನನ್ನ ತಕರಾರಿರುವುದು ಏಟಿನ ಬಗ್ಗೆ ಮಾತ್ರವಲ್ಲ, ಅದನ್ನು ನೆನೆಯುವ ಧಾಟಿಯ ಬಗ್ಗೆ. ಪುಟ ಪುಟದಲ್ಲೂ ನಗೆ! ಚಳಿಯಲ್ಲಿ ನಡುಗಿದ್ದು ನಗೆ, ಈಜು ಬಾರದವನನ್ನು ಕೊಳಕ್ಕೆ ದೂಡಿದ್ದು ನಗೆ, ರಾತ್ರಿ ದುಪ್ಪಟಿಯೊಳಗೆ ಅತ್ತವನು ನಗೆ. ಆ ಅತ್ತವನು ಯಾವಾಗಲೂ ಪಕ್ಕದ ಹಾಸಿಗೆಯವನು, ನೋಡಿ. ಬರೆಯುವವನು ಅತ್ತದ್ದೇ ಇಲ್ಲ. ಒಂದೊಂದು ಕೋಣೆಯಲ್ಲಿ ಸಾಲು ಸಾಲು ಹಾಸಿಗೆ, ಎಲ್ಲರಿಗೂ ಪಕ್ಕದವನೇ ಅಳುವವನಾದರೆ ಲೆಕ್ಕ ಕೂಡುವುದು ಹೇಗೆ? ಕೊನೆಯಲ್ಲಿ ಮಂಗಳಾರತಿಯಂತೆ ಒಂದು ಮಾತು ಬಂದೇ ಬರುತ್ತದೆ: ಅದು ನನ್ನನ್ನು ಗಂಡಸನ್ನಾಗಿ ಮಾಡಿತು, ಈಗಿನ ಹುಡುಗರಿಗೂ ಅದೇ ಆಗಬೇಕು.

ಈ ರಾಗ ನಮಗೆ ಹೊಸದಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದೇ? 'ನಾವು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಾವಿ ಸೇದುತ್ತಿದ್ದೆವು, ನಿಮಗೇನಾಗಿದೆ' ಎಂದು ಕೇಳುವ ಹಿರಿಯ ಹೆಂಗಸಿನ ದನಿಯನ್ನೂ ಶಾಟ್ಲಿಯ ಈ ಅಜ್ಜಂದಿರ ದನಿಯನ್ನೂ ಅಕ್ಕಪಕ್ಕ ಇಟ್ಟು ಕೇಳಿ. ನೋವು ಉಂಡವರು ಅದಕ್ಕೆ ಏನಾದರೊಂದು ಬೆಲೆ ಕಟ್ಟಬೇಕು. ಬೆಲೆಯೇ ಇಲ್ಲವೆಂದರೆ ಕಳೆದ ವರ್ಷಗಳೆಲ್ಲ ನೀರಿಗೆ ಹೋದಂತೆ. ಇದು ನನಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆಂದು ಒಪ್ಪಲಾರೆ. ನನ್ನ ಅಣ್ಣನ ಮಗನನ್ನು ಸಣ್ಣ ವಯಸ್ಸಿನಲ್ಲೇ ದೂರದ ಒಂದು ವಸತಿ ಶಾಲೆಗೆ ಹಾಕಿದ್ದರು. ದೊಡ್ಡ ಹುಡುಗರು ರಾತ್ರಿ ಎಬ್ಬಿಸಿ ಬಿಸಿನೀರು ತರಿಸುತ್ತಿದ್ದುದನ್ನು, ತಂದದ್ದು ಆರಿದ್ದರೆ ಬೆಲ್ಟಿನಿಂದ ಹೊಡೆಯುತ್ತಿದ್ದುದನ್ನು ಅವನು ಹತ್ತು ವರ್ಷವಾದ ಮೇಲೆ ನಮ್ಮೆಲ್ಲರೆದುರು ಅಭಿನಯಿಸಿ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅತ್ತಿಗೆಯೊಬ್ಬರೇ ತಟ್ಟೆ ಎತ್ತಿಕೊಂಡು ಒಳಗೆ ಹೋದರು. 'ಅತ್ತೆ, ಅಮ್ಮನಿಗೆ ಜೋಕೇ ಅರ್ಥವಾಗುವುದಿಲ್ಲ' ಎಂದ ಅವನು. ಅತ್ತಿಗೆಗೆ ಅರ್ಥವಾಗಿತ್ತು. ಈ ಪುಸ್ತಕಗಳ ಹಾಸ್ಯವನ್ನು ನಾನು ಅತ್ತಿಗೆಯ ಹಾಗೆಯೇ ಓದುತ್ತೇನೆ.

ಜಾನ್ ಡಗ್ಲಾಸ್ ಗ್ಯಾಂಜಸ್ ಬಗ್ಗೆ 1978ರಲ್ಲಿ ತಂದ ಪುಸ್ತಕದ ಹೆಸರು 'ರೋಲ್ ಆನ್ ಮೈ ಡಜನ್'. ನನ್ನ ಹನ್ನೆರಡು ಬೇಗ ಉರುಳಿಹೋಗಲಿ ಎಂಬ ಹಾರೈಕೆ. ಈ ಡಜನ್ ಏನೆಂದು ತಿಳಿದಾಗ ನಾನು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಹುಕಾಲ ನಡೆದು ಬಂದ ನಿಯಮದಂತೆ ಹದಿನೈದರ ಹುಡುಗ ಹನ್ನೆರಡು ವರ್ಷದ ಸೇವೆಗೆ ರುಜು ಹಾಕಬೇಕಿತ್ತು. ಆ ಹನ್ನೆರಡರ ಎಣಿಕೆ ಶುರುವಾಗುವುದು ಅವನಿಗೆ ಹದಿನೆಂಟು ತುಂಬಿದ ದಿನದಿಂದ! ಅದಕ್ಕೆ ಮೊದಲು ದುಡಿದ ವರ್ಷಗಳು ಲೆಕ್ಕಕ್ಕೇ ಇಲ್ಲ. ಅಂದರೆ ಮೀಸೆ ಮೂಡದ ಹುಡುಗ ತನ್ನ ಮೂವತ್ತನೆಯ ವಯಸ್ಸಿನವರೆಗಿನ ಬದುಕನ್ನು ಬರೆದುಕೊಟ್ಟ ಹಾಗಾಯಿತು. ಪಕ್ಕದಲ್ಲಿ ಹೆತ್ತವರ ಒಪ್ಪಿಗೆಯ ಸಹಿ. ಬುದ್ಧಿ ಬಲಿಯುವ ಮೊದಲೇ ಹಿರಿಯರು ಬದುಕನ್ನು ಬರೆದುಕೊಡುವುದು ಎಂದರೆ ಏನೆಂದು ನಮ್ಮ ಅಜ್ಜಿಯರನ್ನು ಕೇಳಬೇಕು. ಡಗ್ಲಾಸರ ತಲೆಬರಹ ಇಷ್ಟೆಲ್ಲವನ್ನೂ ನಾಲ್ಕು ಮಾತಿನ ತಮಾಷೆಯಲ್ಲಿ ಹಿಡಿದಿದೆ, ಮೆಚ್ಚಲೇಬೇಕು. ಪೀಟರ್ ಬ್ರಾಡ್‌ಬೆಂಟ್ ತಮ್ಮ 'ಎಚ್.ಎಂ.ಎಸ್. ಗ್ಯಾಂಜಸ್ ಡೇಸ್' ಪುಸ್ತಕದ ಹೆಸರಿನಲ್ಲೇ ಅಲ್ಲಿ ಕಳೆದ 386 ದಿನಗಳನ್ನು ಎಣಿಸಿ ಹೇಳಿದ್ದಾರೆ. ಸುಖವಾಗಿದ್ದ ಜಾಗದ ದಿನಗಳನ್ನು ಯಾರೂ ಎಣಿಸಿಡುವುದಿಲ್ಲ. ನಗೆಯ ನಡುವೆ ಈ ಎಣಿಕೆಯೇ ನನಗೆ ಹೆಚ್ಚು ನಿಜವಾಗಿ ಕಂಡದ್ದು.

ಈಗ ಟ್ರಿಸ್ಟನ್ ಜೋನ್ಸ್ ಎಂಬವರ ವಿಷಯಕ್ಕೆ ಬರುತ್ತೇನೆ. ಒಂಟಿಯಾಗಿ ಹಾಯಿದೋಣಿ ಓಡಿಸಿದವರೆಂದು ಹೆಸರಾಗಿದ್ದ, ಕತೆ ಕಟ್ಟುವುದರಲ್ಲಿ ಎತ್ತಿದ ಕೈಯಾದ ಲೇಖಕ. 'ಎ ಸ್ಟೆಡಿ ಟ್ರೇಡ್' ಎಂಬ 1982ರ ಪುಸ್ತಕದಲ್ಲಿ ತನ್ನ ಬಾಲ್ಯವನ್ನೂ 1984ರ 'ಹಾರ್ಟ್ ಆಫ್ ಓಕ್'ನಲ್ಲಿ ಯುದ್ಧಕಾಲದ ಹುಡುಗ ನಾವಿಕನ ತರಬೇತಿಯನ್ನೂ ಬರೆದರು. ತಾನು 1924ರಲ್ಲಿ ದೂರದ ಸಮುದ್ರದ ನಡುವೆ, ತಂದೆಯ ಹಡಗಿನಲ್ಲೇ ಹುಟ್ಟಿದವನು, ವೇಲ್ಸ್ ಸೀಮೆಯ ನಾವಿಕ ಮನೆತನದವನು, 1940ರಲ್ಲಿ ಗ್ಯಾಂಜಸ್ ಸೇರಿದವನು ಎಂದರು. ಮೊದಲ ಓದಿಗೆ ಇದರಷ್ಟು ಹಿಡಿಸಿದ ಪುಸ್ತಕ ಬೇರಿಲ್ಲ. ಶಿಕ್ಷಕರ ಕೂಗು ಕಿವಿಗೆ ಬಡಿಯುವಷ್ಟು ಚೆನ್ನಾಗಿ ಬರೆಯುತ್ತಾರೆ. ಆದರೆ ಅವರು 1995ರಲ್ಲಿ ತೀರಿಕೊಂಡ ಮೇಲೆ ಆಂಥನಿ ಡಾಲ್ಟನ್ ಎಂಬವರು ದಾಖಲೆಗಳನ್ನು ಕೆದಕಿ 2003ರಲ್ಲಿ ಅವರ ಜೀವನಚರಿತ್ರೆ ಬರೆದರು. ಹುಟ್ಟಿದ್ದು 1929ರಲ್ಲಿ, ಲಿವರ್‌ಪೂಲ್ ನಗರದಲ್ಲಿ. ಮದುವೆಯಾಗದ ತಾಯಿಗೆ ಹುಟ್ಟಿ ಅನಾಥಾಲಯಗಳಲ್ಲಿ ಬೆಳೆದ ಹುಡುಗ. ನೌಕಾಪಡೆ ಸೇರಿದ್ದು 1946ರಲ್ಲಿ, ಯುದ್ಧ ಮುಗಿದ ಮೇಲೆ. 1940ರಲ್ಲಿ ಗ್ಯಾಂಜಸ್ಸಿನ ಹುಡುಗರನ್ನೇ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಸಾಗಿಸಿ, ಶಾಟ್ಲಿಯಲ್ಲಿ ಯುದ್ಧಕ್ಕೆಂದು ಸೇರಿದ ದೊಡ್ಡವರಿಗೆ ತರಬೇತಿ ಕೊಡುತ್ತಿದ್ದರು.

ಇದು ತಿಳಿದ ಮೇಲೆ ಗಂಡಸು ವಿಮರ್ಶಕರು ಹೆಚ್ಚಾಗಿ ಹಿಡಿದದ್ದು ಅವರು ಸುಳ್ಳು ಹೇಳಿದ ಯುದ್ಧಗಳನ್ನು, ದಾಖಲೆಗಳನ್ನು. ಹಿಡಿಯಲಿ, ತಪ್ಪಿಲ್ಲ. ನೆನಪೆಂದು ನಂಬಿಸಿ ಕಟ್ಟುಕತೆ ಮಾರುವುದು ಓದುಗರಿಗೆ ಮಾಡುವ ಮೋಸವೇ. ಆದರೆ ನಾನು ಆ ಪುಸ್ತಕಗಳನ್ನು ಎರಡನೆಯ ಸಲ ತೆರೆದಾಗ ಕಣ್ಣಿಗೆ ಬಿದ್ದದ್ದು ಬೇರೆ. ಸುಳ್ಳು ಹೇಳಲು ಕೂತವನು ಚಿನ್ನದ ಗಣಿ ಬೇಕಾದರೂ ಕಟ್ಟಿಕೊಳ್ಳಬಹುದಿತ್ತು. ಈ ಮನುಷ್ಯ ಎಲ್ಲಕ್ಕಿಂತ ಮೊದಲು ಕಟ್ಟಿಕೊಂಡದ್ದು ಒಂದು ಮನೆಯನ್ನು. ಹೆಸರು ಹೇಳಿಕೊಳ್ಳಬಹುದಾದ ತಂದೆಯನ್ನು, ಕಾದು ಕೂರುವ ತಾಯಿಯನ್ನು. ಕಂದು ಕಾಗದದ ಪೊಟ್ಟಣಕ್ಕೆ ವಿಳಾಸ ಬರೆಯಲು ಮನೆಯೇ ಇಲ್ಲದವನಿಗೆ ಮಾತ್ರ ಹೊಳೆಯುವ ಸುಳ್ಳು ಇದು. ನಿಜವಾದ ಮನೆಯಿದ್ದವರು ಯಾರೂ ತಾಯಿಯನ್ನು ಇಷ್ಟು ಆಸೆಯಿಂದ ಬರೆದಿಲ್ಲ. ಹಾಗೆಂದು ಪುಸ್ತಕ ಒಳ್ಳೆಯದಾಯಿತೇ? ಇಲ್ಲ. ಅನಾಥಾಲಯದಿಂದ ಬಂದ ಹುಡುಗನಿಗೆ ಆ ಶಿಸ್ತು, ಆ ಒಪ್ಪೊತ್ತಿನ ಊಟ, ಆ ಸಮವಸ್ತ್ರ ಹೇಗೆ ಕಂಡಿತು ಎಂದು ಬರೆಯಬಲ್ಲವರು ಅವರೊಬ್ಬರೇ ಇದ್ದರು. ಬರೆಯದೆ ಹೋದರು.

ತಾಯಿಯರ ಮಾತು ಬಂದದ್ದರಿಂದ ಇನ್ನೊಬ್ಬ ಹುಡುಗನನ್ನು ಬಿಡಲಾರೆ, ಅವನು ಗ್ಯಾಂಜಸ್ಸಿನವನಲ್ಲದಿದ್ದರೂ. ಜಾಕ್ ಕಾರ್ನ್‌ವೆಲ್ 1915ರಲ್ಲಿ ಸೇರಿ ಕೀಹ್ಯಾಮ್ ಎಂಬಲ್ಲಿ ತರಬೇತಿ ಪಡೆದವನು. 1916ರ ಮೇ 31ರಂದು ಜುಟ್ಲೆಂಡ್ ಕದನದಲ್ಲಿ 'ಚೆಸ್ಟರ್' ಹಡಗಿನ ತೋಪಿನ ಬಳಿ ಮೈಯೆಲ್ಲ ಗಾಯವಾದರೂ ಕದಲದೆ ನಿಂತ. ಜೂನ್ 2ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ತಾಯಿ ಬರುವಷ್ಟರಲ್ಲಿ ಹೋಗಿದ್ದ. ವಯಸ್ಸು ಹದಿನಾರು. ಅವನಿಗೆ ತನ್ನ ನೆನಪು ಬರೆಯುವ ಅವಕಾಶವಿರಲಿಲ್ಲ, ದೇಶವೇ ಅವನ ನೆನಪನ್ನು ಬರೆದುಕೊಂಡಿತು. ಮೊದಲು ಬಡವರ ಸಾಮೂಹಿಕ ಗೋರಿಯಲ್ಲಿದ್ದ ದೇಹವನ್ನು ಹೊರತೆಗೆದು ಜುಲೈ 29ರಂದು ರಾಜಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು. ವಿಕ್ಟೋರಿಯಾ ಕ್ರಾಸ್ ಪದಕ ಬಂತು. ದೊಡ್ಡ ತೈಲಚಿತ್ರ ಬರೆಸಿದರು. ಅದಕ್ಕೆ ರೂಪದರ್ಶಿಯಾಗಿ ನಿಂತವನು ತಮ್ಮ. ಅವನ ಹೆಸರಿನಲ್ಲಿ ನಿಧಿಯೂ ಕೂಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ತಂದೆ ತೀರಿಕೊಂಡರು. ತಾಯಿ ಲಿಲಿ ನವೆಂಬರಿನಲ್ಲಿ ಅರಮನೆಗೆ ಹೋಗಿ ದೊರೆಯ ಕೈಯಿಂದ ಪದಕ ತಂದರು. ತಂದು ಹೊಟ್ಟೆಪಾಡಿಗೆ ಲಂಡನ್ನಿನ ನಾವಿಕರ ವಸತಿಗೃಹವೊಂದರಲ್ಲಿ ದುಡಿದರು. 1919ರಲ್ಲಿ ಬಡತನದಲ್ಲೇ ಸತ್ತರು. ಗ್ಯಾಂಜಸ್ಸಿನ ನೆನಪುಗಳನ್ನು ಓದುವಾಗಲೆಲ್ಲ ನನಗೆ ಈ ಲಿಲಿಯ ನೆನಪಾಗುತ್ತದೆ. ತೋಪಿನ ಪಕ್ಕದ ಹುಡುಗನ ಚಿತ್ರ ಬರೆಸಿದವರಿಗೆ ಅವಳ ಚಿತ್ರ ಬರೆಸಬೇಕೆನ್ನಿಸಲಿಲ್ಲ.

ನಗದೆಯೂ ನೆನಪು ಬರೆಯಬಹುದು. ಅದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಬಿ.ಸಿ. ದತ್ತರ 'ಮ್ಯೂಟಿನಿ ಆಫ್ ದಿ ಇನೊಸೆಂಟ್ಸ್' 1971ರಲ್ಲಿ ಬಂದದ್ದು. ದತ್ತರು ಹುಡುಗ ನಾವಿಕರಾಗಿ ಸೇರಿದವರಲ್ಲ, ಮುಂಬಯಿಯ 'ತಲ್ವಾರ್' ಎಂಬ ಸಿಗ್ನಲ್ ಶಾಲೆಯಲ್ಲಿದ್ದವರು. ಅದೇ ಬ್ರಿಟಿಷ್ ಮಾದರಿಯ ಶಿಸ್ತು, ಅದೇ ಅಧಿಕಾರಿಗಳ ಬೈಗುಳ, ಅದರ ಮೇಲೆ ಬಣ್ಣದ ಅವಮಾನ ಬೇರೆ. 1946ರ ಫೆಬ್ರವರಿ 18ರಂದು ತಲ್ವಾರ್‌ನ ನಾವಿಕರು ಕೆಟ್ಟ ಊಟ ಬೇಡವೆಂದು ಎದ್ದು ನಿಂತರು. ಊಟದಿಂದ ಶುರುವಾದದ್ದು ದಂಗೆಯಾಯಿತು. ಕರಾಚಿಯ ಮನೋರಾದಲ್ಲಿದ್ದ 'ಬಹಾದ್ದೂರ್' ಶಾಲೆಯ ಹುಡುಗ ನಾವಿಕರೂ ಅದರಲ್ಲಿ ಸೇರಿದರು. ಶಾಟ್ಲಿಯವರು ನಗುತ್ತ ನುಂಗಿದ ತುತ್ತನ್ನು ಇವರು ಉಗುಳಿದರು. ದತ್ತರ ಪುಸ್ತಕದಲ್ಲಿ ಬರವಣಿಗೆಯ ಬೆಡಗಿಲ್ಲ, ಅಲ್ಲಲ್ಲಿ ಒಣಗಿದಂತಿದೆ. ಆದರೆ ಅವಮಾನವನ್ನು ಅವಮಾನ ಎಂದೇ ಕರೆಯುವ ನೇರ ಅದಕ್ಕಿದೆ. ಶಾಟ್ಲಿಯ ಹತ್ತು ಪುಸ್ತಕಗಳಲ್ಲಿ ನಾನು ಹುಡುಕಿ ದಣಿದದ್ದು ಈ ನೇರವನ್ನೇ. ಬಹಾದ್ದೂರಿನ ಹುಡುಗರಲ್ಲಿ ಯಾರಾದರೂ ಬರೆದಿದ್ದರೆ ಎಂದು ಆಸೆಯಾಗುತ್ತದೆ.

ಒಡಿಶಾದ ಚಿಲಿಕಾ ಸರೋವರದ ಹತ್ತಿರ ನಮ್ಮ ನೌಕಾಪಡೆಯ 'ಐ.ಎನ್.ಎಸ್. ಚಿಲ್ಕಾ' ತರಬೇತಿ ಶಾಲೆ 1980ರಿಂದ ಇದೆ. 2023ರ ಮಾರ್ಚಿನಲ್ಲಿ ಅಲ್ಲಿಂದ ಹೊರಬಿದ್ದ ಅಗ್ನಿವೀರರ ಮೊದಲ ತಂಡದಲ್ಲಿ 270ಕ್ಕೂ ಹೆಚ್ಚು ಹುಡುಗಿಯರಿದ್ದರು. ಪತ್ರಿಕೆಗಳು ಅವರ ಕವಾಯತಿನ ಫೋಟೋ ಹಾಕಿದವು. ಅವರು ಯಾರೂ ಇನ್ನೂ ಅಜ್ಜಿಯರಾಗಿಲ್ಲ, ಪುಸ್ತಕಕ್ಕೆ ಕಾಯಬೇಕು. ಬಟ್ಟೆ ಮಡಿಸುವುದನ್ನೂ ಗುಂಡಿ ಹೊಲಿಯುವುದನ್ನೂ ಮನೆಯಲ್ಲೇ ಕಲಿತು ಹೋದ ಆ ಹುಡುಗಿಯರಿಗೆ ಕಿಟ್ಟಿನ ಪರೀಕ್ಷೆ ಹೊಸ ಶಿಸ್ತಾಗಿ ಕಂಡಿತೋ ಹಳೆಯ ಚಾಕರಿಯಾಗಿ ಕಂಡಿತೋ, ರಾತ್ರಿ ಅತ್ತದ್ದು ಪಕ್ಕದ ಹಾಸಿಗೆಯವಳೋ ತಾನೋ, ಅಷ್ಟು ಬರೆದರೆ ಸಾಕು. ಕಂಬ ಹತ್ತಿದ್ದನ್ನು ಬೇಕಾದರೆ ಬಿಡಲಿ.